ಹಳೆ ಬುಲೆಟ್‌ಗೆ ಹೊಸ ಪಿಸ್ಟನ್

ಹಳೆ ಬುಲೆಟ್ ಬೈಕನ್ನು ನೀವು ನೋಡಿರುತ್ತೀರಿ. ಮದ್ರಾಸಿನಲ್ಲಿ ತಯಾರಾದ 350 ಬುಲೆಟ್. ಅದರ ಬ್ಲಾಕ್ ಎರಕದ ಕಬ್ಬಿಣದ್ದು. ಅದರೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಅಲ್ಯೂಮಿನಿಯಂನದು. ಎಂಜಿನ್ ಕಾದಾಗ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಅದಕ್ಕೇ ಎರಡರ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕು.

ಸಂದು ಕಡಿಮೆಯಾದರೆ ಏನಾಗುತ್ತೆ? ಬೈಕ್ ಓಡುತ್ತಿರುವಾಗಲೇ ಪಿಸ್ಟನ್ ಬ್ಲಾಕಿಗೆ ಕಚ್ಚಿಕೊಳ್ಳುತ್ತೆ. ಮೆಕ್ಯಾನಿಕ್‌ಗಳು ‘ಸೀಜ್ ಆಯ್ತು’ ಅಂತಾರೆ. ಹಿಂದಿನ ಚಕ್ರ ತಿರುಗದೆ ನಿಂತುಬಿಡುತ್ತೆ. ಸವಾರ ಬೀಳಬಹುದು. ಆಗ ಕೂಡಲೇ ಕ್ಲಚ್ ಹಿಡಿಯಬೇಕು. ಸಂದು ಜಾಸ್ತಿಯಾದರೆ ಇಷ್ಟು ಅಪಾಯವಿಲ್ಲ. ಆದರೆ ಟಕಟಕ ಸದ್ದು, ಆಯಿಲ್ ಉರಿದು ನೀಲಿ ಹೊಗೆ.

ಹೊಸ ಬ್ಲಾಕಿನ ಒಳ ಅಗಲ 70 ಮಿಲಿಮೀಟರ್. ಅದು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಮೇಲ್ಭಾಗದಲ್ಲಿ, ರಿಂಗ್ ಉಜ್ಜುವ ಜಾಗದಲ್ಲಿ ಸವೆತ ಹೆಚ್ಚು. ಮೇಲೆ, ನಡುವೆ, ಕೆಳಗೆ ಅಳೆಯಿರಿ. ಪ್ರತಿ ಸಲ ಉದ್ದಕ್ಕೊಂದು, ಅಡ್ಡಕ್ಕೊಂದು. ಒಟ್ಟು ಆರು ಅಳತೆ. ಬರೆದಿಟ್ಟುಕೊಳ್ಳಿ, ನೆನಪನ್ನು ನಂಬಬೇಡಿ.

ಕೆಲವರು ಮೊದಲು ಬ್ಲಾಕ್ ಕೊರೆಸಿ, ಆಮೇಲೆ ಪಿಸ್ಟನ್ ಹುಡುಕುತ್ತಾರೆ. ಇದು ತಲೆಕೆಳಗಾದ ಕೆಲಸ. ಮೊದಲು ಪಿಸ್ಟನ್ ಕೊಳ್ಳಿ. ಅದರ ತಲೆಯ ಮೇಲಿನ ಅಂಕಿ ಓದಿ. 020 ಎಂದಿದ್ದರೆ ಅದು ಮೂಲ ಅಳತೆಗಿಂತ ಇಂಚಿನ ಸಾವಿರದಲ್ಲಿ 20 ಪಾಲು ದೊಡ್ಡದು. ಅಂದರೆ ಸುಮಾರು ಅರ್ಧ ಮಿಲಿಮೀಟರ್. ಆ ಪಿಸ್ಟನನ್ನೇ ಲೇತ್ ಅಂಗಡಿಗೆ ಒಯ್ದು, ಅದಕ್ಕೆ ಸರಿಯಾಗಿ ಬ್ಲಾಕ್ ಕೊರೆಸಿ. ಪಿಸ್ಟನ್ ತಲೆ ಕಿರಿದು, ಬುಡ ಅಗಲ. ಬುಡದಲ್ಲೇ ಅಳೆಯಬೇಕು. ಎಷ್ಟು ಸಂದು ಬೇಕೆಂದು ಡಬ್ಬಿಯ ಚೀಟಿಯನ್ನೋ ಕಂಪನಿ ಪುಸ್ತಕವನ್ನೋ ಓದಿ ಹೇಳಿ. ‘ಅಂದಾಜಿಗೆ ಮಾಡಪ್ಪಾ’ ಅನ್ನಬೇಡಿ.

ಕೊರೆದ ಬ್ಲಾಕಿನಲ್ಲಿ ಕಣ್ಣಿಗೆ ಕಾಣದ ಪುಡಿ ಇರುತ್ತೆ. ಸೀಮೆಎಣ್ಣೆ ಸಾಲದು. ಬಿಸಿನೀರು, ಸೋಪು ಹಾಕಿ ಉಜ್ಜಿ ತೊಳೆಯಿರಿ. ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಕಪ್ಪಾದರೆ ಮತ್ತೆ ತೊಳೆಯಿರಿ. ಒಣಗಿದ ಕೂಡಲೇ ಆಯಿಲ್ ಹಚ್ಚಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತೆ.

ಜೋಡಿಸುವಾಗ ಮೂರು ರಿಂಗ್‌ಗಳ ಬಾಯಿ ಒಂದೇ ಸಾಲಿಗೆ ಬರಬಾರದು. ಪಿನ್ನಿನ ಎರಡು ಕಡೆಯ ಸರ್ಕ್ಲಿಪ್ ಹೊಸದೇ ಹಾಕಿ. ಹಳೆಯದು ಕಳಚಿಕೊಂಡರೆ ಹೊಸದಾಗಿ ಕೊರೆಸಿದ ಬ್ಲಾಕನ್ನೇ ಗೀರಿಬಿಡುತ್ತೆ.

ಲೆಕ್ಕ ಮಾಡಿ: ಪಿಸ್ಟನ್ ಅಳತೆ 70.40 ಮಿ.ಮೀ. ಚೀಟಿಯಲ್ಲಿ ಬರೆದ ಸಂದು 0.10 ಮಿ.ಮೀ. ಬ್ಲಾಕನ್ನು ಎಷ್ಟು ಅಗಲಕ್ಕೆ ಕೊರೆಸುತ್ತೀರಿ?