ತಾಟಿನ ಬದಿಯ ಪಚಡಿ ಮತ್ತು ಚಟ್ನಿ



ರೊಟ್ಟಿ, ಪಲ್ಯ, ಸಾರು ಇವೇ ಊಟ. ಪಚಡಿ, ಚಟ್ನಿ ಬಾಯಿರುಚಿಗೆ ಮಾತ್ರ ಎಂದು ನಮ್ಮಲ್ಲಿ ಬಹಳ ಜನ ತಿಳಿದುಕೊಂಡಿದ್ದೇವೆ. ಪುರುಸೊತ್ತು ಸಿಕ್ಕರೆ ಮಾಡುತ್ತೇವೆ, ಇಲ್ಲವಾದರೆ ಬಿಡುತ್ತೇವೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಗಡಹಿಂಗ್ಲಜ ಭಾಗದ ಹೊಲಗಳಲ್ಲಾಗಲಿ, ಇಚಲಕರಂಜಿಯ ಮಗ್ಗದ ಪಾಳಿಯಲ್ಲಾಗಲಿ, ಎರಡು ರೊಟ್ಟಿ, ಒಂದಿಷ್ಟು ಖಾರ, ಮೇಲೊಂದು ಕಪ್ಪು ಚಹಾ, ಇಷ್ಟರಲ್ಲೇ ಊಟ ಮುಗಿಯುವುದುಂಟು. ಆದರೆ ತಾಟಿನ ಬದಿಗೆ ಬಡಿಸುವ ಒಂದು ಹಿಡಿ ಪಚಡಿ ನಮ್ಮ ಮೈಯ ರಕ್ತಕ್ಕೆ ಸಂಬಂಧಪಟ್ಟದ್ದು. ಅದನ್ನು ದಿನವೂ ಮಾಡಬೇಕು, ಶುದ್ಧವಾಗಿ ಮಾಡಬೇಕು, ಮನೆಯ ಹೆಣ್ಣುಮಕ್ಕಳಿಗೂ ತಪ್ಪದೆ ಸಿಗುವಂತೆ ಮಾಡಬೇಕು. ಇದೇ ಈ ಸಲದ ಪಾಠ.

ಹುಳಿ ಏಕೆ ಬೇಕು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಜೋಳ, ಕಾಳು, ಮೆಂತ್ಯೆ, ರಾಜಗಿರಿ ಇವುಗಳಲ್ಲಿ ಕಬ್ಬಿಣಾಂಶವಿದ್ದರೂ ಅದು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಅದೇ ಊಟದಲ್ಲಿ ನಿಂಬೆರಸ, ಹಸಿ ತರಕಾರಿ ಇದ್ದರೆ ಅವುಗಳಲ್ಲಿರುವ ‘ಸಿ’ ಜೀವಸತ್ವದಿಂದ ಹೆಚ್ಚು ಕಬ್ಬಿಣ ಮೈಗೆ ಹತ್ತುತ್ತದೆ. ಊಟದ ಜೊತೆ ಚಹಾ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ. ಆದ್ದರಿಂದ ಚಹಾ ಬೇಕಿದ್ದರೆ ಊಟವಾಗಿ ಒಂದು ತಾಸಿನ ನಂತರ ಕುಡಿಯಿರಿ. ಈಗಾಗಲೇ ದಣಿವು, ಏದುಸಿರು, ತಲೆಸುತ್ತು ಇದ್ದವರು ಊಟವನ್ನೇ ನಂಬಿ ಕೂಡ್ರಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಂತೆ ಕಬ್ಬಿಣದ ಗುಳಿಗೆ ತೆಗೆದುಕೊಳ್ಳಬೇಕು.

ಮಾಡುವ ವಿಧಾನ

1. ಮೆಂತ್ಯೆ ಪಚಡಿ: ಎಳೆಯ ಮೆಂತ್ಯೆ ಸೊಪ್ಪು ಒಂದು ಬಟ್ಟಲು, ಸೌತೆಕಾಯಿ ಒಂದು, ಉಳ್ಳಾಗಡ್ಡಿ ಒಂದು, ಗಜ್ಜರಿ ಅಥವಾ ಮೂಲಂಗಿ ಒಂದು, ಸಣ್ಣಗೆ ಹೆಚ್ಚಿರಿ. ಹುರಿದ ಶೇಂಗಾಪುಡಿ ಎರಡು ಚಮಚ, ಹುರಿದ ಗುರೆಳ್ಳಿನ ಪುಡಿ ಒಂದು ಚಮಚ ಸೇರಿಸಿ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಅರಿಶಿನದ ಒಗ್ಗರಣೆ ಕೊಡಿ. ಒಗ್ಗರಣೆ ಆರಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಉಪ್ಪನ್ನು ಮಾತ್ರ ಬಡಿಸುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದರೆ ನೀರು ಬಿಟ್ಟು ತರಕಾರಿ ಮೆತ್ತಗಾಗುತ್ತದೆ. ಪರದೇಶದವರು ಹಸಿ ತರಕಾರಿಗೆ ಎಣ್ಣೆ, ವಿನೆಗರ್ ಕಲಸುವುದೂ ಇದೇ ರೀತಿಯ ಕ್ರಮ. ಆ ಒಂದು ಚಮಚ ಎಣ್ಣೆ ಇದ್ದರೆ ಗಜ್ಜರಿಯಲ್ಲಿರುವ ‘ಎ’ ಜೀವಸತ್ವದ ಅಂಶವೂ ಮೈಗೆ ಚೆನ್ನಾಗಿ ಹತ್ತುತ್ತದೆ.

2. ಮೊಳಕೆಕಾಳಿನ ಕೋಸಂಬರಿ: ಕೊಲ್ಹಾಪುರದ ಮಿಸಳಕ್ಕೆ ಹಾಕುವ ಮಡಿಕೆಕಾಳು, ಅಂದರೆ ಮಟಕಿ, ಇದಕ್ಕೂ ಒಳ್ಳೆಯದು. ರಾತ್ರಿ ನೆನೆಸಿ, ಮರುದಿನ ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಒಡೆದ ಕಾಳಿನಲ್ಲಿ ‘ಸಿ’ ಜೀವಸತ್ವ ಹೆಚ್ಚುತ್ತದೆ. ಆದರೆ ಮೊಳಕೆ ಬರುವ ಬಿಸಿ ತೇವದಲ್ಲಿ ರೋಗಾಣುಗಳೂ ಬೆಳೆಯುವುದರಿಂದ ಉಗಿಯಲ್ಲಿ ಹತ್ತು ನಿಮಿಷ ಬೇಯಿಸಿ, ಆರಿದ ಮೇಲೆ ಉಳ್ಳಾಗಡ್ಡಿ, ಕೊತ್ತಂಬರಿ, ನಿಂಬೆರಸ ಕಲಸಿರಿ.

3. ಗುರೆಳ್ಳು ಅಥವಾ ಅಗಸೆ ಚಟ್ನಿ: ಒಂದು ಬಟ್ಟಲು ಕಾಳನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಒಣಮೆಣಸಿನಕಾಯಿ ಆರು, ಬಳ್ಳೊಳ್ಳಿ ಎಂಟು ಎಸಳು, ಜೀರಿಗೆ, ಸ್ವಲ್ಪ ಹುಣಸೆ, ಉಪ್ಪು ಸೇರಿಸಿ ಕುಟ್ಟಿರಿ. ಅಗಸೆ ಪುಡಿಯಾದ ಮೇಲೆ ಬೇಗ ಕಮಟು ಹಿಡಿಯುವುದರಿಂದ ಎಂಟು-ಹತ್ತು ದಿನಕ್ಕೆ ಸಾಕಾಗುವಷ್ಟೇ ಮಾಡಿ. ಮೊಸರಿನೊಡನೆ ಕಲಸಿದರೆ ಮಕ್ಕಳಿಗೂ ಖಾರವಾಗದು.

4. ಖರ್ಡಾ: ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಶೇಂಗಾ ಇವನ್ನು ಹಂಚಿನ ಮೇಲೆ ಎಣ್ಣೆಯಲ್ಲಿ ಹುರಿದು ಉಪ್ಪಿನೊಡನೆ ಕುಟ್ಟುವುದು ಎಲ್ಲರಿಗೂ ಗೊತ್ತು. ಅದನ್ನು ಆ ದಿನವೇ ಮುಗಿಸಿ, ಇಲ್ಲವೇ ಫ್ರಿಜ್ಜಿನಲ್ಲಿಟ್ಟು ಎರಡು-ಮೂರು ದಿನದೊಳಗೆ ತಿನ್ನಿ. ಹಸಿ ಬಳ್ಳೊಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡಬೇಡಿ. ಗಾಳಿಯಾಡದ ಎಣ್ಣೆಯೊಳಗೆ ಪ್ರಾಣಕ್ಕೇ ಅಪಾಯ ತರುವ ಬೊಟುಲಿಸಂ ವಿಷ ಹುಟ್ಟಬಹುದು.

ಬೂಸರು ಹಿಡಿದ ಶೇಂಗಾ ಬೇಡ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ, ಅವಕ್ಕೆ ಹಾಕಿದ್ದ ಶೇಂಗಾಹಿಂಡಿಯಲ್ಲಿ ಬೂಸರಿನ ವಿಷ ಸಿಕ್ಕಿತು. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಅದು ಯಕೃತ್ತಿಗೆ, ಅಂದರೆ ಲಿವರಿಗೆ, ಕೆಡುಕು ಮಾಡುತ್ತದೆ. ಹುರಿದರೂ ಪೂರ್ತಿ ನಾಶವಾಗುವುದಿಲ್ಲ. ಖಾರ, ಬಳ್ಳೊಳ್ಳಿ ಹಾಕಿದರೆ ಕೆಟ್ಟ ಕಾಳಿನ ಕಹಿ ಮುಚ್ಚಿಹೋಗುವುದರಿಂದ ಚಟ್ನಿಯಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದ:

– ಶೇಂಗಾ ಕಿತ್ತ ಮೇಲೆ, ಅಲುಗಾಡಿಸಿದರೆ ಕಾಳು ಗಲಗಲ ಸದ್ದಾಗುವ ತನಕ ಬಿಸಿಲಲ್ಲಿ ಒಣಗಿಸಿ. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಿ.
– ಸುಕ್ಕುಗಟ್ಟಿದ, ಬಣ್ಣಗೆಟ್ಟ, ಬೂಸರು ಹಿಡಿದ ಕಾಳುಗಳನ್ನು ಹುರಿಯುವ ಮೊದಲೇ ಆರಿಸಿ ಬಿಸಾಡಿ.
– ಅವನ್ನು ದನಗಳಿಗೂ ಹಾಕಬೇಡಿ. ಆ ವಿಷ ಹಾಲಿನಲ್ಲಿ ಇಳಿದು ಮತ್ತೆ ನಮ್ಮ ಮಕ್ಕಳಿಗೇ ಬರುತ್ತದೆ.

ಇನ್ನೂ ಮೂರು ಎಚ್ಚರಿಕೆ

ಹಸಿಯಾಗಿ ತಿನ್ನುವ ತಪ್ಪಲುಪಲ್ಲೆಯನ್ನು ಕುಡಿಯುವ ನೀರಿನಲ್ಲಿ ಮೂರು ಸಲ ತೊಳೆಯಿರಿ. ಮಣ್ಣಿನೊಡನೆ ಜಂತುವಿನ ತತ್ತಿಗಳೂ ಅಂಟಿರುತ್ತವೆ. ಔಷಧಿ ಹೊಡೆದ ಬೆಳೆಯನ್ನು, ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆಯುವ ತನಕ ಕೀಳಬೇಡಿ. ಸಂತೆಗೆ ಒಯ್ಯುವುದಕ್ಕೂ ಇದೇ ನಿಯಮ. ಉಪ್ಪು ಒಬ್ಬರಿಗೆ ದಿನಕ್ಕೆ ಐದು ಗ್ರಾಮಿಗಿಂತ, ಅಂದರೆ ಒಂದು ಸಣ್ಣ ಚಮಚಕ್ಕಿಂತ, ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಯ ಉಪ್ಪೂ ಈ ಲೆಕ್ಕದಲ್ಲಿ ಸೇರಿತು. ರಕ್ತದೊತ್ತಡ ಇದ್ದವರು ನಿಂಬೆಯ ಹುಳಿ ಹೆಚ್ಚಿಸಿ ಉಪ್ಪು ಇಳಿಸಲಿ.

ಮನೆಯವರೆಲ್ಲ ಸೇರಿ ವಿಚಾರ ಮಾಡಿ

1. ನಮ್ಮ ಮನೆಯಲ್ಲಿ ಪಚಡಿ ಮಾಡಿದ ದಿನ, ಕೊನೆಗೆ ಉಣ್ಣುವ ಅವ್ವನಿಗೆ, ಸೊಸೆಗೆ ಎಷ್ಟು ಉಳಿಯುತ್ತದೆ?
2. ಕಬ್ಬಿನ ನಡುವೆ, ಬಚ್ಚಲ ನೀರು ಹರಿಯದ ಜಾಗದಲ್ಲಿ, ಮೆಂತ್ಯೆ, ಮೂಲಂಗಿಯ ಒಂದು ಮಡಿ ಹಾಕಬಹುದೇ? ಬದುವಿನ ಮೇಲೆ ಒಂದು ನಿಂಬೆಗಿಡ?
3. ಕಳೆದ ವರ್ಷದ ಶೇಂಗಾ ಚೀಲವನ್ನು ಬಿಚ್ಚಿ ನೋಡಿದ್ದೇವೆಯೇ?

ಹೆಚ್ಚಿನ ಹಣ ಬೇಡುವ ಕೆಲಸ ಇದರಲ್ಲಿ ಒಂದೂ ಇಲ್ಲ. ಈ ವಾರ ಒಂದು ಹೊತ್ತಾದರೂ ಎಲ್ಲರೂ ಒಟ್ಟಿಗೆ ಕುಳಿತು, ಪಚಡಿಯನ್ನು ಎಲ್ಲರ ತಾಟಿಗೂ ಸಮನಾಗಿ ಬಡಿಸಿ ಉಣ್ಣೋಣ.