ಕ್ಷಯರೋಗಿಯ ಹೆಸರು, ವಿಳಾಸ ಸರ್ಕಾರಕ್ಕೆ ಏಕೆ ಬೇಕು?



ಕಫ ಪರೀಕ್ಷೆಯಲ್ಲಿ ಕ್ಷಯ (ಟಿಬಿ) ಇದೆ ಎಂದು ಗೊತ್ತಾದ ಕೂಡಲೇ ಹೆಸರು, ವಯಸ್ಸು, ವಿಳಾಸ, ಮೊಬೈಲ್ ನಂಬರು, ಬ್ಯಾಂಕ್ ಪಾಸ್‌ಬುಕ್ ಕೇಳುತ್ತೇವೆ. ಆಗ ಬಹಳ ಜನ ಗಾಬರಿಯಾಗುತ್ತಾರೆ. “ಸಿಸ್ಟರ್, ಊರಲ್ಲಿ ಗೊತ್ತಾದರೆ ಹೇಗೆ? ಮಗಳ ಮದುವೆ ಮಾತುಕತೆ ನಡೆದಿದೆ” ಎನ್ನುತ್ತಾರೆ. ಕೆಲವರು ಹೆದರಿ ತಪ್ಪು ವಿಳಾಸ ಬರೆಸುತ್ತಾರೆ. ಈ ಭಯ ಸಹಜ. ಆದ್ದರಿಂದ ನೀವು ಕೊಟ್ಟ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದುಕೊಳ್ಳಿ.

ಮಾಹಿತಿ ಎಲ್ಲಿಗೆ ಹೋಗುತ್ತದೆ?

2012ರಿಂದ ಪ್ರತಿಯೊಬ್ಬ ಕ್ಷಯರೋಗಿಯ ವಿವರವನ್ನು ಆರೋಗ್ಯ ಇಲಾಖೆಗೆ ತಿಳಿಸುವುದು ಕಡ್ಡಾಯ. ಖಾಸಗಿ ಮತ್ತು ಧರ್ಮಾರ್ಥ ಆಸ್ಪತ್ರೆಗಳಿಗೂ ಇದು ಅನ್ವಯಿಸುತ್ತದೆ. ವಿವರವನ್ನು ‘ನಿಕ್ಷಯ್’ ಎಂಬ ಸರ್ಕಾರಿ ಕಂಪ್ಯೂಟರ್ ದಾಖಲೆಯಲ್ಲಿ ಸೇರಿಸಿ, ನಿಮಗೊಂದು ಸಂಖ್ಯೆ ಕೊಡುತ್ತಾರೆ. ಕ್ಷಯರೋಗ ಕಾರ್ಯಕ್ರಮದ ಸಿಬ್ಬಂದಿ ಇದನ್ನು ಕೆಲಸಕ್ಕಾಗಿ ನೋಡುತ್ತಾರೆ. ಇದು ಊರಿನಲ್ಲಿ ಹಚ್ಚುವ ಪಟ್ಟಿಯಲ್ಲ.

ಸರಿಯಾದ ವಿವರ ಕೊಟ್ಟರೆ ಏನು ಲಾಭ?

1. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಬೇಕು. ನಡುವೆ ಮಾತ್ರೆ ಬಿಟ್ಟರೆ ರೋಗ ಮಾತ್ರೆಗೆ ಬಗ್ಗದಂತಾಗಬಹುದು. ವಿಳಾಸ ಸರಿಯಿದ್ದರೆ ಆರೋಗ್ಯ ಕಾರ್ಯಕರ್ತೆ ನಿಮ್ಮನ್ನು ಹುಡುಕಿ ಬಂದು ವಿಚಾರಿಸಬಹುದು.

2. ಮನೆಯವರ ತಪಾಸಣೆ ಆಗುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಇದು ಬಹಳ ಮುಖ್ಯ. ರೋಗವಿಲ್ಲದಿದ್ದರೂ ತಡೆಗಟ್ಟುವ ಔಷಧ ಬೇಕಾಗಬಹುದು. ವಿಳಾಸ ತಪ್ಪಾದರೆ ಮನೆಯ ಕೂಸಿಗೇ ಅಪಾಯ.

3. ಪೌಷ್ಟಿಕ ಆಹಾರಕ್ಕೆ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು. 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಪಾಸ್‌ಬುಕ್ ಕೇಳುವುದು ಇದಕ್ಕಾಗಿಯೇ.

ನಿಮ್ಮ ಹಕ್ಕುಗಳೇನು?

• “ಇದನ್ನು ಏಕೆ ಕೇಳುತ್ತೀರಿ, ಯಾರು ನೋಡುತ್ತಾರೆ?” ಎಂದು ಸಂಕೋಚವಿಲ್ಲದೆ ಕೇಳಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪು ಕೊಟ್ಟಿದೆ. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

• ಕ್ಷಯರೋಗಿಗಳಿಗೆ ಎಚ್‌ಐವಿ ಪರೀಕ್ಷೆಯ ಸಲಹೆಯನ್ನೂ ಕೊಡುತ್ತೇವೆ. 2017ರ ಎಚ್‌ಐವಿ ಕಾಯ್ದೆಯಂತೆ ಅದಕ್ಕೆ ನಿಮ್ಮ ಒಪ್ಪಿಗೆ ಬೇಕು, ಫಲಿತಾಂಶವೂ ಗೌಪ್ಯ. ಗಂಡ ಅಥವಾ ಹೆಂಡತಿಗೆ ತಿಳಿಸಬೇಕಾದ ಸಂದರ್ಭದಲ್ಲೂ ಮೊದಲು ನಿಮ್ಮೊಡನೆ ಆಪ್ತಸಮಾಲೋಚನೆ ನಡೆಸಬೇಕು.

• 14 ಅಂಕಿಯ ‘ಆಭಾ’ ಆರೋಗ್ಯ ಸಂಖ್ಯೆ ಮಾಡಿಸುವುದು ನಿಮ್ಮ ಇಚ್ಛೆ. ಅದು ಇಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ.

• ಮನೆಗೆ ಬರುವ ಕಾರ್ಯಕರ್ತೆಗೆ ಅನುಕೂಲವಾದ ಹೊತ್ತು ತಿಳಿಸಿ. ಅಂಗಳದಲ್ಲಿ ನಿಂತು ರೋಗದ ಹೆಸರು ಹೇಳಬೇಡಿರೆಂದು ಕೇಳಿಕೊಳ್ಳಿ. ಹಾಗೆ ಕೇಳುವುದು ತಪ್ಪಲ್ಲ.

ಎಚ್ಚರಿಕೆ

“ಟಿಬಿ ಹಣ ಬಂದಿದೆ” ಎಂದು ಫೋನ್ ಮಾಡಿದವರಿಗೆ ಒಟಿಪಿ, ಎಟಿಎಂ ಪಿನ್ ಹೇಳಬೇಡಿ. ಫೋನ್ ಇಟ್ಟು, ಆಸ್ಪತ್ರೆಗೆ ಬಂದು ವಿಚಾರಿಸಿ.

ಬಂಧುಗಳಲ್ಲಿ ವಿನಂತಿ

ಗುಟ್ಟು ರಟ್ಟಾಗುವುದು ಎಷ್ಟೋ ಸಲ ಕಂಪ್ಯೂಟರಿನಿಂದಲ್ಲ, ನಮ್ಮ ಬಾಯಿಂದ. ರೋಗಿಯ ಚೀಟಿಯ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಪಕ್ಕದ ಹಾಸಿಗೆಯವರ ರೋಗ ಏನೆಂದು ಕೆದಕಬೇಡಿ. ನೋಡಲು ಬಂದವರು “ಏನಾಗಿದೆ?” ಎಂದರೆ, ಹೇಳುವುದೋ ಬಿಡುವುದೋ ರೋಗಿಯ ಇಷ್ಟಕ್ಕೆ ಬಿಡಿ.

ಕ್ಷಯ ಪೂರ್ತಿ ವಾಸಿಯಾಗುವ ಕಾಯಿಲೆ. ಸರಿಯಾದ ವಿವರ ಬರೆಸಿ, ಒಂದು ದಿನವೂ ತಪ್ಪದೆ ಮಾತ್ರೆ ನುಂಗಿ. ಸಂಶಯವಿದ್ದರೆ ವಾರ್ಡಿನ ಸಿಸ್ಟರನ್ನು ಕೇಳಿ. ನಾಲ್ಕು ಜನರ ಮುಂದೆ ಕೇಳಲು ಮುಜುಗರವಾದರೆ ಪಕ್ಕಕ್ಕೆ ಕರೆದು ಕೇಳಿ, ಖಂಡಿತ ಬರುತ್ತೇವೆ.