ಸಹಜ ಹಂತಕ ಕೋಶಗಳು

ಮಾನವ ದೇಹದಲ್ಲಿ ಹಳೆಯ ಜೀವಕೋಶಗಳು ನಶಿಸಿ ಹೊಸವು ಹುಟ್ಟುವ ಕ್ರಿಯೆ ಎಡೆಬಿಡದೆ ನಡೆಯುತ್ತಿರುತ್ತದೆ. ಈ ಕ್ರಿಯೆಯಲ್ಲಿ ಒಮ್ಮೊಮ್ಮೆ ಯಾವುದೋ ಒಂದು ಕೋಶವು ಅಂಕೆ ಮೀರಿ, ಮಿತಿಯಿಲ್ಲದೆ ವಿಭಜನೆಗೊಳ್ಳತೊಡಗುತ್ತದೆ. ಅದೇ ಮುಂದೆ ಕ್ಯಾನ್ಸರ್ ಗಡ್ಡೆಯಾಗಬಲ್ಲದು. ಹೊರಗಿನಿಂದ ಬಂದ ರೋಗಾಣುವಿನ ರಚನೆಯೇ ಬೇರೆಯಾದುದರಿಂದ ದೇಹವು ಅದನ್ನು ಪರಕೀಯವೆಂದು ಅರಿಯಬಲ್ಲದು. ಆದರೆ ತನ್ನ ಒಡಲಿನಲ್ಲಿಯೇ ಹುಟ್ಟಿದ ಶತ್ರುವನ್ನು ಗುರುತಿಸುವುದು ಹೇಗೆ?

ಈ ಪ್ರಶ್ನೆಗೆ ಉತ್ತರದ ಒಂದು ಭಾಗ 1975ರಲ್ಲಿ ದೊರೆಯಿತು. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ರಾಲ್ಫ್ ಕೀಸ್ಲಿಂಗ್, ಇವಾ ಕ್ಲೈನ್ ಮತ್ತು ಹ್ಯಾನ್ಸ್ ವಿಗ್ಸೆಲ್ ಎಂಬ ವಿಜ್ಞಾನಿಗಳು ಒಂದು ವಿಸ್ಮಯವನ್ನು ಕಂಡರು. ಇಲಿಗಳ ಗುಲ್ಮದಿಂದ ತೆಗೆದ ಕೆಲವು ಬಿಳಿಯ ರಕ್ತಕಣಗಳು ರಕ್ತಕ್ಯಾನ್ಸರಿನ ಕೋಶಗಳನ್ನು ಕೊಂದವು. ಆ ಇಲಿಗಳಿಗೆ ಮೊದಲು ಯಾವ ಲಸಿಕೆಯನ್ನೂ ಕೊಟ್ಟಿರಲಿಲ್ಲ. ಪೂರ್ವಸಿದ್ಧತೆಯಿಲ್ಲದೆ ಕೊಲ್ಲಬಲ್ಲ ಈ ಕಣಗಳಿಗೆ ‘ಸಹಜ ಹಂತಕ ಕೋಶ’ಗಳೆಂಬ ಹೆಸರಾಯಿತು. ಅದೇ ಕಾಲದಲ್ಲಿ ಅಮೆರಿಕದ ರೊನಾಲ್ಡ್ ಹರ್ಬರ್ಮನ್ ಮತ್ತು ಸಂಗಡಿಗರೂ ಇಂಥ ಕಣಗಳನ್ನು ಗುರುತಿಸಿದರು.

ದೇಹದ ಬಹುತೇಕ ಕೋಶಗಳ ಹೊರಮೈಯಲ್ಲಿ ಗುರುತಿನ ಮುದ್ರೆಯಂತಿರುವ ಪ್ರೋಟೀನುಗಳಿವೆ. ಅವು ಕೋಶದೊಳಗಿನ ವಸ್ತುಗಳ ತುಣುಕುಗಳನ್ನು ಹೊರಗೆ ಎತ್ತಿ ತೋರಿಸುತ್ತವೆ. ಟಿ-ಕೋಶಗಳೆಂಬ ಬಿಳಿಯ ರಕ್ತಕಣಗಳು ಈ ತುಣುಕುಗಳನ್ನು ಪರೀಕ್ಷಿಸಿ, ಕೆಟ್ಟ ಕೋಶವನ್ನು ಪತ್ತೆಹಚ್ಚುತ್ತವೆ. ಈ ತಪಾಸಣೆಯಿಂದ ಪಾರಾಗಲು ಕೆಲವು ಕ್ಯಾನ್ಸರ್ ಕೋಶಗಳು ಮುದ್ರೆಯನ್ನೇ ಕಳಚಿಬಿಡುತ್ತವೆ. ಆಗ ಟಿ-ಕೋಶಗಳಿಗೆ ಅವು ಕಾಣುವುದಿಲ್ಲ. ಆದರೆ ಸಹಜ ಹಂತಕ ಕೋಶವು ಮುದ್ರೆಯಿದ್ದಲ್ಲಿ ಸುಮ್ಮನಾಗುತ್ತದೆ. ಅದು ಇಲ್ಲದಿರುವುದನ್ನು ಕಂಡು, ವಿಕೃತಿಯ ಇತರ ಲಕ್ಷಣಗಳನ್ನೂ ಅರಿತು ಮೇಲೆರಗುತ್ತದೆ. ಕಳ್ಳನ ಮುಸುಕೇ ಅವನನ್ನು ಹಿಡಿದುಕೊಡುತ್ತದೆ! ಈ ತತ್ತ್ವವನ್ನು ಕ್ಲಾಸ್ ಕೇರೆ ಮತ್ತು ಸಂಗಡಿಗರು 1986ರಲ್ಲಿ ಪ್ರಯೋಗದಿಂದ ತೋರಿಸಿದರು.

ಹಂತಕ ಕೋಶವು ಶತ್ರುವಿಗೆ ಅಂಟಿಕೊಂಡು, ತನ್ನೊಳಗಿನ ಕಣಿಕೆಗಳನ್ನು ಬಿಡುಗಡೆ ಮಾಡುತ್ತದೆ. ಅವುಗಳಲ್ಲಿರುವ ಪರ್ಫೊರಿನ್ ಎಂಬ ಪ್ರೋಟೀನು ಶತ್ರುಕೋಶದ ಪೊರೆಯಲ್ಲಿ ರಂಧ್ರ ಕೊರೆಯುತ್ತದೆ. ಗ್ರ್ಯಾನ್‌ಜೈಮ್ ಎಂಬ ಕಿಣ್ವಗಳು ಒಳಹೊಕ್ಕು, ಆ ಕೋಶವು ತಾನಾಗಿಯೇ ಸಾಯುವಂತೆ ಮಾಡುತ್ತವೆ.

ಆದರೂ ಈ ಕಾವಲು ಅಜೇಯವಲ್ಲ. ಬೆಳೆದ ಗಡ್ಡೆಯು ಸ್ರವಿಸುವ ಕೆಲವು ರಾಸಾಯನಿಕಗಳು ಹಂತಕ ಕೋಶಗಳ ಶಕ್ತಿಯನ್ನು ಕುಗ್ಗಿಸುತ್ತವೆ. ಆದುದರಿಂದ ಅವನ್ನು ಬಲಪಡಿಸುವ ಯತ್ನಗಳು ನಡೆದಿವೆ. ಅಮೆರಿಕದ ಹ್ಯೂಸ್ಟನ್ ನಗರದ ವೈದ್ಯರು ಹೊಕ್ಕುಳಬಳ್ಳಿಯ ರಕ್ತದಿಂದ ಪಡೆದ ಈ ಕೋಶಗಳನ್ನು ಮಾರ್ಪಡಿಸಿ, 11 ಮಂದಿ ಕ್ಯಾನ್ಸರ್ ರೋಗಿಗಳಿಗೆ ನೀಡಿದರು. 2020ರಲ್ಲಿ ಪ್ರಕಟವಾದ ವರದಿಯಂತೆ, ಅವರಲ್ಲಿ 8 ಮಂದಿಗೆ ಗುಣ ಕಂಡುಬಂದಿತು. ರೋಗಿಗಳ ಸಂಖ್ಯೆ ಚಿಕ್ಕದು. ಆದರೆ ದೇಹದ ರಕ್ಷಣೆಗೆ ದೇಹದ ಕಾವಲುಗಾರರನ್ನೇ ಸಜ್ಜುಗೊಳಿಸುವ ಮಾರ್ಗವೊಂದು ಅದರಿಂದ ತೆರೆದಿದೆ.